ಜಿಂಕೆ ಕಾಣುವುದಕ್ಕೆ ಮುಂಚೆ

ಈ ಸಲದ ಸಂಪಾದಕೀಯ ಅಮೆರಿಕದಲ್ಲಿರುವ ನಮ್ಮ ಕನ್ನಡ ಸಂಘದ ಬೈಕ್ ಸವಾರರಿಗೆ. ಅವರ ಮನೆಯವರೂ ಓದಿದರೆ ಇನ್ನೂ ಒಳ್ಳೆಯದು.

ಎಲೆಗಳು ಬಣ್ಣ ತಿರುಗುವ ಹೊತ್ತು ಬಂದಿದೆ. ಬಿಸಿಲಿಗೆ ಬೇಸಿಗೆಯ ಉರಿ ಇಲ್ಲ, ಬೆಟ್ಟದ ರಸ್ತೆಗಳು ಕರೆಯುತ್ತಿವೆ. ಬೈಕ್ ಓಡಿಸಲು ವರ್ಷದಲ್ಲಿ ಇದಕ್ಕಿಂತ ಚೆಂದದ ಕಾಲ ಇಲ್ಲ. ಜಿಂಕೆ ಅಡ್ಡ ಬರುವ ಭಯ ಇದಕ್ಕಿಂತ ಜಾಸ್ತಿ ಇರುವ ಕಾಲವೂ ಇಲ್ಲ. ಎರಡೂ ಒಟ್ಟಿಗೆ ಬರುತ್ತವೆ. ನಾನು ಈ ವಿಷಯ ಈಗಲೇ ಎತ್ತುತ್ತಿರುವುದು ಅದಕ್ಕೇ.

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ನಮಗೆ ಎದುರಾಗುವುದು ಬಿಳಿ ಬಾಲದ ಜಿಂಕೆ. ಅದರ ಬೆದೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಉತ್ತರದ ರಾಜ್ಯಗಳಲ್ಲಿ ನವೆಂಬರ್ ಅದರ ಉತ್ತುಂಗ. ಉಳಿದ ದಿನಗಳಲ್ಲಿ ತುಂಬಾ ಎಚ್ಚರದಿಂದ ಇರುವ ಗಂಡು ಜಿಂಕೆ ಆಗ ಹೆಣ್ಣಿನ ಹಿಂದೆ ಬಿದ್ದು ಓಡುತ್ತದೆ. ರಸ್ತೆ ಇದೆಯೇ, ಗಾಡಿ ಬರುತ್ತಿದೆಯೇ ಎಂದು ನೋಡುವುದಿಲ್ಲ. ಅದೇ ಹೊತ್ತಿಗೆ ಮೆಕ್ಕೆಜೋಳದ ಹೊಲಗಳು ಕೊಯ್ಲಾಗಿ ಅವುಗಳ ಅಡಗುತಾಣವೂ ಹೋಗಿರುತ್ತದೆ. ಇದರ ಜೊತೆಗೆ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಿಂದಿನ ವಾರದವರೆಗೆ ಬೆಳಕಿನಲ್ಲಿ ಮನೆ ಸೇರುತ್ತಿದ್ದವರು ಈಗ ಸರಿಯಾಗಿ ಮುಸ್ಸಂಜೆಗೆ ರಸ್ತೆಯಲ್ಲಿರುತ್ತಾರೆ. ಜಿಂಕೆಗಳು ಮೇಯಲು ಹೊರಡುವುದೂ ಮುಸ್ಸಂಜೆಗೇ. ವಿಮಾ ಕಂಪನಿಗಳಿಗೆ ಪ್ರಾಣಿ ಡಿಕ್ಕಿಯ ಕ್ಲೇಮುಗಳು ಅತಿ ಹೆಚ್ಚು ಬರುವ ತಿಂಗಳು ನವೆಂಬರ್ ಆಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಮೇ ಮತ್ತು ಜೂನ್‌ನಲ್ಲಿ ಇನ್ನೊಂದು ಚಿಕ್ಕ ಅಲೆ ಇದೆ. ಆಗ ತಾಯಿ ಜಿಂಕೆಗಳು ಹೊಸ ಮರಿ ಹಾಕಿ ಹಿಂದಿನ ವರ್ಷದ ಮರಿಗಳನ್ನು ದೂರ ಅಟ್ಟುತ್ತವೆ. ಏನೂ ಗೊತ್ತಿಲ್ಲದ ಆ ಎಳೆಯವು ದಿಕ್ಕು ತಪ್ಪಿ ಅಲೆಯುತ್ತವೆ.

ಕಾರಿನಲ್ಲಿದ್ದರೆ ಬಂಪರ್ ನಜ್ಜಾಗುತ್ತದೆ, ಹೆಚ್ಚಿನ ಸಲ ಜೀವ ಉಳಿಯುತ್ತದೆ. ಬೈಕಿನಲ್ಲಿ ಹಾಗಲ್ಲ. ಬೆಳೆದ ಗಂಡು ಜಿಂಕೆ 150ರಿಂದ 300 ಪೌಂಡ್ ತೂಗುತ್ತದೆ. ಗಂಟೆಗೆ 30 ಮೈಲಿ ವೇಗದಲ್ಲಿ ಓಡಬಲ್ಲದು. ಅಂದರೆ ಸೆಕೆಂಡಿಗೆ 44 ಅಡಿ. ಪೊದೆಯ ಅಂಚಿನಿಂದ ನಿಮ್ಮ ಲೇನಿನ ನಡುವಿಗೆ ಬರಲು ಅದಕ್ಕೆ ಒಂದು ಸೆಕೆಂಡೂ ಬೇಡ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಎಷ್ಟೋ ಸವಾರರು ಜಿಂಕೆಯನ್ನು ತಮ್ಮ ಕೈಚಳಕಕ್ಕೆ ಒಂದು ಸವಾಲು ಎಂದುಕೊಳ್ಳುತ್ತಾರೆ. 'ನಾನು ಚೆನ್ನಾಗಿ ಓಡಿಸುತ್ತೇನೆ, ಬಂದರೆ ತಪ್ಪಿಸಿಕೊಳ್ಳುತ್ತೇನೆ' ಅನ್ನುತ್ತಾರೆ. ದಯವಿಟ್ಟು ಈ ಲೆಕ್ಕ ಒಮ್ಮೆ ನೋಡಿ.

ಗಂಟೆಗೆ 45 ಮೈಲಿ ವೇಗ ಅಂದರೆ ಸೆಕೆಂಡಿಗೆ 66 ಅಡಿ. ಅನಿರೀಕ್ಷಿತವಾಗಿ ಏನಾದರೂ ಕಂಡಾಗ ಕಣ್ಣಿಂದ ಮೆದುಳಿಗೆ, ಮೆದುಳಿಂದ ಕೈಗೆ ಸುದ್ದಿ ಹೋಗಿ ಬ್ರೇಕ್ ಹಿಡಿಯಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 99 ಅಡಿ ದಾಟಿರುತ್ತೀರಿ. ಆಮೇಲೆ ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ, ಪಳಗಿದ ಕೈ ಬ್ರೇಕ್ ಹಾಕಿದರೆ ನಿಲ್ಲಲು ಇನ್ನೂ ಸುಮಾರು 85 ಅಡಿ. ಒಟ್ಟು 184. ಅದೇ ಗಂಟೆಗೆ 60 ಮೈಲಿ ಇದ್ದರೆ ಸೆಕೆಂಡಿಗೆ 88 ಅಡಿ. ಬ್ರೇಕ್ ಹಿಡಿಯುವ ಮುಂಚೆಯೇ 132 ಅಡಿ ಹೋಯಿತು. ನಿಲ್ಲಲು ಇನ್ನೂ 150. ಒಟ್ಟು 282 ಅಡಿ. ಲೋ ಬೀಮ್ ಬೆಳಕಿನಲ್ಲಿ, ಕಪ್ಪು ರಸ್ತೆಯ ಮೇಲೆ ಒಂದು ಕಂದು ಪ್ರಾಣಿ ಕಾಣುವುದೇ ಅಂದಾಜು 200 ಅಡಿ ದೂರದಿಂದ. 60ರಲ್ಲಿ ಹೋಗುವವರು ತಮಗೆ ಕಾಣದ ಜಾಗದ ಮೇಲೆ ನಂಬಿಕೆ ಇಟ್ಟು ಓಡಿಸುತ್ತಿರುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಇಬ್ಬರಿಗೂ ಜಿಂಕೆ ಕಂಡಿದ್ದು 184 ಅಡಿ ದೂರದಲ್ಲಿ ಎಂದಿಟ್ಟುಕೊಳ್ಳಿ. 45ರಲ್ಲಿದ್ದವರು ಅದರ ಮುಂದೆ ನಿಲ್ಲುತ್ತಾರೆ. 60ರಲ್ಲಿದ್ದವರು ಅದಕ್ಕೆ ಬಡಿಯುವಾಗ ಇನ್ನೂ ಗಂಟೆಗೆ ಸುಮಾರು 48 ಮೈಲಿ ವೇಗದಲ್ಲಿರುತ್ತಾರೆ. ಮೊದಲನೆಯವರು ಬ್ರೇಕ್ ಹಾಕುವ ಮುಂಚೆ ಇದ್ದ ವೇಗಕ್ಕಿಂತ ಜಾಸ್ತಿ! ಹೆಚ್ಚಾಗಿದ್ದು 15 ಮೈಲಿ ಮಾತ್ರ. ಪರಿಣಾಮ ಮಾತ್ರ ಇಷ್ಟು ದೊಡ್ಡದು. ಈ ಒಂದು ಲೆಕ್ಕವನ್ನು ನೆನಪಿಟ್ಟರೆ ಸಾಕು, ಕತ್ತಲಾದ ಮೇಲೆ ಥ್ರಾಟಲ್ ತಾನಾಗಿಯೇ ಸಡಿಲವಾಗುತ್ತದೆ ಎಂದು ನನ್ನ ನಂಬಿಕೆ.

ಹಾಗಾಗಿ ಜಿಂಕೆಯ ವಿಷಯದಲ್ಲಿ ಮುಖ್ಯ ನಿರ್ಧಾರಗಳು ಎರಡೇ. ಯಾವ ಹೊತ್ತಿಗೆ ಹೊರಡುತ್ತೀರಿ, ಎಷ್ಟು ವೇಗದಲ್ಲಿ ಹೋಗುತ್ತೀರಿ. ಎರಡೂ ಜಿಂಕೆ ಕಾಣುವ ಮುಂಚೆ ಆಗಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ ಹೊರಡಿ. ಮುಳುಗುವ ಒಂದು ಗಂಟೆ ಮುಂಚೆ ಮನೆ ಸೇರಿ. ತಡವಾಯಿತೇ? ಕಾಡಿನ ನಡುವಿನ ಚಿಕ್ಕ ರಸ್ತೆ ಬಿಟ್ಟು ಅಂಚು ಅಗಲವಾಗಿರುವ ದೊಡ್ಡ ಹೆದ್ದಾರಿ ಹಿಡಿಯಿರಿ. ಸುತ್ತಾದರೂ ಪರವಾಗಿಲ್ಲ. ಅಲ್ಲಿಯೂ ಜಿಂಕೆ ಬರುತ್ತದೆ, ಆದರೆ ಕಾಣಲು ನಿಮಗೆ ಒಂದಿಷ್ಟು ಜಾಗ ಸಿಗುತ್ತದೆ.

ಹೊರಟ ಮೇಲೆ ಕಣ್ಣಿನ ಕೆಲಸ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಅಭ್ಯಾಸದಿಂದ ಇದು ನಿಜವಾಗಿಯೂ ಚುರುಕಾಗುತ್ತದೆ. ಜಿಂಕೆಗಳು ನಟ್ಟ ನಡು ಕಾಡಿಗಿಂತ ಅಂಚುಗಳನ್ನು ಇಷ್ಟಪಡುತ್ತವೆ. ಕಾಡು ಮುಗಿದು ಹೊಲ ಶುರುವಾಗುವ ಜಾಗ, ತೊರೆ ರಸ್ತೆಯ ಕೆಳಗೆ ಹಾದುಹೋಗುವ ಜಾಗ, ಗಾರ್ಡ್‌ರೇಲ್ ಕೊನೆಯಾಗುವ ಜಾಗ. ಹಳದಿ ಫಲಕದಲ್ಲಿ ನೆಗೆಯುವ ಜಿಂಕೆಯ ಚಿತ್ರ ಇದ್ದರೆ ಅದನ್ನು ಸುಮ್ನೆ ಹಾಕಿರುವುದಿಲ್ಲ. ಇಡೀ ಜಿಂಕೆಯನ್ನು ಹುಡುಕಬೇಡಿ, ಅದು ಹಾಗೆ ಕಾಣುವುದೇ ಕಡಿಮೆ. ಕಾಡಿನಲ್ಲಿ ಮರದ ಕಾಂಡಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ಅವುಗಳ ನಡುವೆ ಒಂದು ಅಡ್ಡಗೆರೆ ಕಂಡರೆ ಅದು ಜಿಂಕೆಯ ಬೆನ್ನಿರಬಹುದು. ಕಿವಿ ಅಲುಗುವುದು, ಬಾಲದ ಬಿಳಿ ಮಿಂಚುವುದು ನೋಡಿ. ರಾತ್ರಿ ಹೆಡ್‌ಲೈಟಿಗೆ ಕಣ್ಣುಗಳು ಹೊಳೆಯುತ್ತವೆ. ಕಣ್ಣಿನ ಹಿಂದಿರುವ ಕನ್ನಡಿಯಂಥ ಪದರ ಬೆಳಕನ್ನು ತಿರುಗಿ ಕಳಿಸುವುದರಿಂದ ಹಾಗೆ. ಎದುರಿನ ಕಾರಿನ ದೀಪ ಒಂದು ಕ್ಷಣ ಮಿಣುಕಿದರೆ ಅದರ ಮುಂದೆ ಏನೋ ದಾಟಿದೆ ಎಂದೇ ತಿಳಿಯಿರಿ.

ಒಂದು ಜಿಂಕೆ ದಾಟಿ ಹೋಯಿತು ಎಂದು ನಿಟ್ಟುಸಿರು ಬಿಟ್ಟು ಥ್ರಾಟಲ್ ತಿರುಗಿಸಬೇಡಿ. ಅವು ಒಂಟಿಯಾಗಿ ತಿರುಗುವುದು ಕಡಿಮೆ. ಎಷ್ಟೋ ಜನ ಬೀಳುವುದು ಎರಡನೆಯದಕ್ಕೆ, ಮೂರನೆಯದಕ್ಕೆ.

ಎದುರು ಗಾಡಿ ಇಲ್ಲದಾಗ ಹೈ ಬೀಮ್ ಇರಲಿ. ಬಲಗೈಯ ಎರಡು ಬೆರಳು ಬ್ರೇಕ್ ಲಿವರ್ ಮೇಲೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ ಸಿದ್ಧವಾಗಿರಲಿ. ಅರ್ಧ ಸೆಕೆಂಡ್ ಉಳಿದರೂ ಗಂಟೆಗೆ 60 ಮೈಲಿಯಲ್ಲಿ 44 ಅಡಿ ಉಳಿದಂತೆ. ಲೇನಿನಲ್ಲಿ ಪೊದೆಗೆ ಅಂಟಿಕೊಂಡು ಹೋಗಬೇಡಿ, ನಡುವಿಗೋ ಸ್ವಲ್ಪ ಎಡಕ್ಕೋ ಸರಿಯಿರಿ.

ಈಗ ಸೀಟಿಯ ವಿಷಯ. ಬೈಕಿಗೆ ಅಂಟಿಸುವ ಚಿಕ್ಕ 'ಜಿಂಕೆ ಸೀಟಿ'ಗಳು ಮಾರಾಟಕ್ಕಿವೆ. ಗಾಳಿಗೆ ಊದಿ ಜಿಂಕೆಯನ್ನು ಓಡಿಸುತ್ತವೆ ಎಂದು ಹೇಳುತ್ತಾರೆ. ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಜಿಂಕೆಗಳ ಕಿವಿಯನ್ನೂ, ಚಲಿಸುವ ವಾಹನದಿಂದ ಬರುವ ಶಬ್ದಕ್ಕೆ ಅವು ವರ್ತಿಸುವ ರೀತಿಯನ್ನೂ ಪರೀಕ್ಷಿಸಿದ್ದಾರೆ. ಶಬ್ದದಿಂದ ಡಿಕ್ಕಿ ತಪ್ಪಿಸಬಹುದು ಅನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಸೀಟಿ ಹಾಕಿದ್ದೇನೆ ಅನ್ನುವ ಧೈರ್ಯದಲ್ಲಿ ವೇಗ ಹೆಚ್ಚಿಸಿದರೆ ಇದ್ದ ರಕ್ಷಣೆಯೂ ಹೋಯಿತು. ಆ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ.

ಇಷ್ಟೆಲ್ಲಾ ಮಾಡಿಯೂ ಜಿಂಕೆ ಮುಂದೆ ಬಂದೇ ಬಿಟ್ಟರೆ? ನೆಟ್ಟಗೆ ಬ್ರೇಕ್ ಹಾಕಿ. ಎರಡೂ ಬ್ರೇಕ್, ಮುಂದಿನದನ್ನು ಒತ್ತುತ್ತಾ ಹೋಗಿ, ಬೈಕ್ ನೇರವಾಗಿರಲಿ. ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಳ್ಳುವ ಆಸೆ ಬರುತ್ತದೆ. ಆದರೆ ಜಿಂಕೆ ತನ್ನನ್ನು ಬೇಟೆಯಾಡುವ ಪ್ರಾಣಿಯಿಂದ ಉಳಿಯುವುದೇ ಕೊನೇ ಕ್ಷಣದಲ್ಲಿ ದಿಕ್ಕು ಬದಲಿಸಿ. ಬೆಳಕಿಗೆ ಕಣ್ಣು ಕುಕ್ಕಿ ನಿಂತಿದ್ದು ಯಾವ ಕಡೆಗೆ ನೆಗೆಯುತ್ತದೆ ಎಂದು ಅದಕ್ಕೇ ಗೊತ್ತಿರುವುದಿಲ್ಲ. ಟೈರಿನ ಹಿಡಿತಕ್ಕೂ ಒಂದು ಮಿತಿ ಇದೆ. ಪೂರ್ತಿ ಬ್ರೇಕಿಗೆ ಬಳಸಿದರೆ ತಿರುಗಲು ಉಳಿಯುವುದಿಲ್ಲ. ವೇಗ ತೀರಾ ಇಳಿದ ಮೇಲೆ ಜಾಗ ಇದ್ದರೆ ಸುತ್ತಿಕೊಂಡು ಹೋಗಿ, ಅದಕ್ಕೆ ಮುಂಚೆ ಬೇಡ.

'ಬೈಕ್ ಮಲಗಿಸಿಬಿಡು' ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಅದನ್ನು ನಂಬಬೇಡಿ. ರಸ್ತೆಯನ್ನು ಹಿಡಿಯುವುದು ರಬ್ಬರ್. ಉಕ್ಕು, ಪ್ಲಾಸ್ಟಿಕ್ ಜಾರುತ್ತವೆ. ಮಲಗಿದ ಬೈಕ್ ಕಡಿಮೆ ವೇಗ ಕಳೆದುಕೊಳ್ಳುತ್ತದೆ, ನೀವು ಅದರ ಜೊತೆ ಜಾರಿ ಜಿಂಕೆಯ ಕಾಲ ಬುಡಕ್ಕೋ ಎದುರಿನ ಗಾಡಿಯ ಅಡಿಗೋ ಹೋಗುತ್ತೀರಿ. ಹೊಸ ಬೈಕ್ ಕೊಳ್ಳುವವರು ಎಬಿಎಸ್ ಇರುವುದನ್ನೇ ಕೊಳ್ಳಿ. ಗಾಬರಿಯಲ್ಲಿ ಪೂರ್ತಿ ಹಿಡಿದರೂ ನೇರ ದಾರಿಯಲ್ಲಿ ಚಕ್ರ ಲಾಕ್ ಆಗಲು ಬಿಡುವುದಿಲ್ಲ. ಯುರೋಪಿನಲ್ಲೂ ಭಾರತದಲ್ಲೂ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಅದು ಕಡ್ಡಾಯ. ಇಲ್ಲಿ ನಾವೇ ಕೇಳಿ ಕೊಳ್ಳಬೇಕು. ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್‌ನ ತರಗತಿಗಳಲ್ಲಿ ತುರ್ತು ಬ್ರೇಕ್ ಹಾಕುವುದನ್ನು ಕಲಿಸುತ್ತಾರೆ. ಲೈಸೆನ್ಸ್ ಸಿಕ್ಕ ಮೇಲೆ ಅದನ್ನು ಮತ್ತೆ ಮಾಡಿದವರು ನಮ್ಮಲ್ಲಿ ಎಷ್ಟು ಜನ? ಖಾಲಿ ಪಾರ್ಕಿಂಗ್ ಲಾಟ್ ಸಾಕು, ಅಲ್ವಾ?

ಗುಂಪಾಗಿ ಹೋಗುವಾಗ ಹತ್ತಿರ ಹತ್ತಿರ ಸೇರಿಕೊಂಡು ಹೋಗುವುದು ನಮಗೆ ಅಭ್ಯಾಸ. ಜಿಂಕೆ ಇರುವ ರಸ್ತೆಯಲ್ಲಿ ಅದು ಬೇಡವೇ ಬೇಡ. ಮುಂದಿನವರು ಬಿದ್ದರೆ ಹಿಂದಿನವರು ಅವರ ಮೇಲೆ ಹೋಗುತ್ತಾರೆ. ಕತ್ತಲಾಗುತ್ತಾ ಬಂದಂತೆ ಅಂತರ ಹೆಚ್ಚಿಸುತ್ತಾ ಹೋಗಿ.

ಹೆಲ್ಮೆಟ್ ಬಗ್ಗೆ ಕೇಳಿಕೊಳ್ಳುವುದು ಒಂದೇ, ಕಾನೂನನ್ನು ನೋಡಿ ನಿರ್ಧರಿಸಬೇಡಿ. ಇಲಿನಾಯ್, ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೆಲ್ಮೆಟ್ ಕಾನೂನೇ ಇಲ್ಲ. ಪೆನ್ಸಿಲ್ವೇನಿಯಾ 2003ರಲ್ಲಿ, ಮಿಶಿಗನ್ 2012ರಲ್ಲಿ ವಯಸ್ಕರಿಗೆ ಸಡಿಲಿಸಿದವು. ಎರಡೂ ಜಿಂಕೆಗಳು ತುಂಬಿರುವ ರಾಜ್ಯಗಳು. ಗಡಿ ದಾಟಿದ ಕೂಡಲೇ ಹೆಲ್ಮೆಟ್ ತೆಗೆದು ಹಿಂದೆ ಕಟ್ಟಿಕೊಳ್ಳುವುದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಜಾಕೆಟ್, ಕೈಗವಸು ಎಲ್ಲ ರಾಜ್ಯದಲ್ಲೂ ಇರಲಿ.

ವಿಮೆಯ ಕಾಗದವನ್ನೂ ಒಮ್ಮೆ ತೆಗೆದು ನೋಡಿ. ಜಿಂಕೆಗೆ ಬಡಿದರೆ ಬೈಕಿನ ನಷ್ಟ ಸಾಮಾನ್ಯವಾಗಿ ಕಾಂಪ್ರೆಹೆನ್ಸಿವ್ ಭಾಗದಲ್ಲಿ ಬರುತ್ತದೆ. ಜಿಂಕೆ ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದರೆ ಕೊಲಿಶನ್ ಭಾಗಕ್ಕೆ ಹೋಗುತ್ತದೆ. ನಿಮ್ಮ ಆಸ್ಪತ್ರೆ ಖರ್ಚನ್ನು ಇವೆರಡೂ ಕೊಡುವುದಿಲ್ಲ, ಅದಕ್ಕೆ ಬೇರೆ ಏನಿದೆ ಎಂದು ಏಜೆಂಟರನ್ನು ಕೇಳಿ. ಅಪಘಾತವಾದರೆ 911ಕ್ಕೆ ಕರೆ ಮಾಡಿ. ಗಾಯಗೊಂಡ ಜಿಂಕೆಯ ಹತ್ತಿರ ಹೋಗಬೇಡಿ, ಅದರ ಗೊರಸು ಮೂಳೆ ಮುರಿಯಬಲ್ಲದು. ಕಾಡಿನ ರಸ್ತೆಗೆ ಹೊರಡುವಾಗ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ.

ಕೊನೆಯದಾಗಿ, ಸಂಘದ ಸಮಿತಿಗೆ ಒಂದು ಕೋರಿಕೆ. ನಮ್ಮ ರಾಜ್ಯೋತ್ಸವ ನಡೆಯುವುದು ಸರಿಯಾಗಿ ನವೆಂಬರ್‌ನಲ್ಲಿ. ಕಾರ್ಯಕ್ರಮ ರಾತ್ರಿಗೆ ಎಳೆದುಕೊಂಡು ಹೋಗುತ್ತದೆ. ಆಮೇಲೆ ದೂರದ ಊರುಗಳಿಗೆ ಜನ ಕತ್ತಲಲ್ಲಿ ಹೊರಡುತ್ತಾರೆ, ಕೆಲವರು ಬೈಕಿನಲ್ಲಿ. ಈ ವರ್ಷ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಮಧ್ಯಾಹ್ನ ಮೂರಕ್ಕೆ ಮುಗಿಸೋಣ. ಭಾಷಣಗಳನ್ನು ಸ್ವಲ್ಪ ಕಡಿಮೆ ಮಾಡಿದರೆ ಇದು ಕಷ್ಟವಲ್ಲ. ಮುಂದಿನ ಸಭೆಯಲ್ಲಿ ಈ ಪ್ರಸ್ತಾಪ ಇಡುತ್ತಿದ್ದೇನೆ. ಬೈಕಿನಲ್ಲಿ ಬರುವವರು ತಮ್ಮ ಊರು ಎಷ್ಟು ದೂರ, ಎಷ್ಟು ಹೊತ್ತಿಗೆ ಬಿಟ್ಟರೆ ಬೆಳಕಿರುವಾಗಲೇ ಮನೆ ಸೇರಬಹುದು ಎಂದು ಎರಡು ಸಾಲು ಬರೆದು ಕಳಿಸಿ. ಅದನ್ನು ನೋಡಿಯೇ ಸಮಯ ನಿಗದಿ ಮಾಡೋಣ.