ಸ್ಪೀಡ್ ಟೆಸ್ಟ್ ಪಾಸ್, ಲೈನ್ ಫೇಲ್: ಬ್ರಾಡ್‌ಬ್ಯಾಂಡ್ ಕಂಪನಿಗೆ ಒಂದು ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಫೈಬರ್ ಬ್ರಾಡ್‌ಬ್ಯಾಂಡ್, ದಾವಣಗೆರೆ

ವಿಷಯ: ರಾತ್ರಿ ಹೊತ್ತಿನ ಪ್ಯಾಕೆಟ್ ನಷ್ಟ ಮತ್ತು ರಿಪೇರಿ ಮಾಡದೆಯೇ ದೂರು ಮುಚ್ಚಿರುವ ಬಗ್ಗೆ

ಮಾನ್ಯರೇ,

ನಾನು ವಿದ್ಯಾನಗರದ ನಿಮ್ಮ ಗ್ರಾಹಕ. 100 ಎಂಬಿಪಿಎಸ್ ಪ್ಲಾನ್, ಬಿಲ್ ಒಂದೂ ಬಾಕಿ ಇಲ್ಲ. ನಿಮ್ಮ ಆ್ಯಪ್‌ನಲ್ಲಿ ನನ್ನ ದೂರಿನ ಮುಂದೆ ಹಸಿರು ಟಿಕ್ ಹಾಕಿ 'ಪರಿಹಾರವಾಗಿದೆ' ಅಂತ ಬರೆದಿದ್ದೀರಿ. ಏನೂ ಪರಿಹಾರ ಆಗಿಲ್ಲ. ಆ್ಯಪ್‌ನಲ್ಲಿ ದೂರು ಬರೆಯಲು ಕೊಟ್ಟಿರುವ ಜಾಗ ನಾಲ್ಕು ಸಾಲಿಗೇ ಮುಗಿಯುತ್ತದೆ. ಕಾಲ್ ಸೆಂಟರ್‌ಗೆ ಫೋನ್ ಮಾಡಿದರೆ ನಾನು ಎರಡನೇ ವಾಕ್ಯ ಶುರು ಮಾಡುವಷ್ಟರಲ್ಲಿ 'ರೂಟರ್ ಆಫ್ ಮಾಡಿ ಆನ್ ಮಾಡಿ ಸರ್' ಅನ್ನುತ್ತಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ತೊಂದರೆ ಇಷ್ಟೇ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ನಿಮ್ಮ ಲೈನಿನಲ್ಲಿ ಪ್ಯಾಕೆಟ್‌ಗಳು, ಅಂದರೆ ಇಂಟರ್‌ನೆಟ್‌ನಲ್ಲಿ ಮಾಹಿತಿ ಓಡಾಡುವ ಸಣ್ಣ ಸಣ್ಣ ತುಂಡುಗಳು, ಕಳೆದುಹೋಗುತ್ತಿವೆ. ಹಗಲೆಲ್ಲ ಚೆನ್ನಾಗಿರುತ್ತದೆ. ರಾತ್ರಿ ಕೂಡ ಸ್ಪೀಡ್ ಟೆಸ್ಟ್ ಮಾಡಿದರೆ 90ರ ಮೇಲೆಯೇ ತೋರಿಸುತ್ತದೆ. ಆದರೂ ಲೈನ್ ಸರಿ ಇಲ್ಲ.

ನನಗೆ ಇದು ಗೊತ್ತಾಗಿದ್ದು ಒಂದು ಹಳೇ ಕಂಪ್ಯೂಟರ್ ಆಟದಿಂದ. ಆಟ ಅಂದ ಕೂಡಲೇ ಪತ್ರ ಪಕ್ಕಕ್ಕೆ ಇಡಬೇಡಿ. ನಿಮ್ಮ ಲೈನಿನ ಆರೋಗ್ಯ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ನಿಮ್ಮ ಟೆಕ್ನಿಷಿಯನ್ ಚೀಲದಲ್ಲೂ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಆಟದ ಹೆಸರು ಏಜ್ ಆಫ್ ಎಂಪೈರ್ಸ್ 2. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಮಾಡಿದ್ದು, 1999ರಲ್ಲಿ ಬಂತು. ಒಂದು ನಾಗರಿಕತೆಯನ್ನು ಆರಿಸಿಕೊಂಡು, ಮರ ಕಡಿದು, ಹೊಲ ಮಾಡಿ, ಸೈನ್ಯ ಕಟ್ಟಿ ಎದುರಾಳಿಯ ಜೊತೆ ಯುದ್ಧ ಮಾಡುವ ಆಟ. ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದವರು ನಾವು. ಈಗ ಒಬ್ಬ ಹುಬ್ಬಳ್ಳಿಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ದುಬೈನಲ್ಲಿ ಇದ್ದಾರೆ. ಮೈಸೂರಿನ ನನ್ನ ಭಾಮೈದನೂ ಸೇರಿಕೊಂಡಿದ್ದಾನೆ. 2019ರ ನವೆಂಬರ್‌ನಲ್ಲಿ ಇದರ ಡೆಫಿನಿಟಿವ್ ಎಡಿಷನ್, ಅಂದರೆ ಹೊಸದಾಗಿ ತಿದ್ದಿದ ಆವೃತ್ತಿ, ಬಂತು. ನಾವು ತಡವಾಗಿ ಕೊಂಡವರು. ಈಗ ಭಾನುವಾರ ರಾತ್ರಿ ಬಂತೆಂದರೆ ಎಲ್ಲರೂ ಹೆಡ್‌ಫೋನ್ ಹಾಕಿ ಕೂರುತ್ತೇವೆ.

ಹಳೇ ಆಟಕ್ಕೆ ಹೊಸ ಬಣ್ಣ ಬಳಿಯುವುದು ಸುಲಭ, ಹಾಳು ಮಾಡುವುದು ಇನ್ನೂ ಸುಲಭ. ಇಲ್ಲಿ ಹಾಗಾಗಿಲ್ಲ. 4ಕೆ ಚಿತ್ರ ಕೊಟ್ಟಿದ್ದಾರೆ. ಹೊಲಕ್ಕೆ ಪದೇ ಪದೇ ಬಿತ್ತನೆ ಮಾಡಿಸುವ ಕಾಟ ತಪ್ಪಿಸಿದ್ದಾರೆ, ಅದು ತಾನಾಗಿಯೇ ಆಗುತ್ತದೆ. 1999ರಲ್ಲಿ 13 ಇದ್ದ ನಾಗರಿಕತೆಗಳು ಈ ಆವೃತ್ತಿ ಬಂದಾಗ 35 ಆಗಿದ್ದವು. ಆದರೆ ಮರ ಕಡಿಯುವ ಸದ್ದು, ಕುರಿ ಸಿಕ್ಕಾಗ ಬರುವ ಖುಷಿ ಏನೂ ಹೋಗಿಲ್ಲ. ಚಾಟ್‌ನಲ್ಲಿ 11 ಅಂತ ಒತ್ತಿದರೆ ಗೆಳೆಯರ ಕಿವಿಯಲ್ಲಿ ಅದೇ ಹಳೇ ಕೊಂಕು ನಗು. 2022ರಲ್ಲಿ ಭಾರತದ ರಾಜವಂಶಗಳ ಒಂದು ವಿಸ್ತರಣೆಯೂ ಬಂತು. ಅದರಲ್ಲಿ ದ್ರಾವಿಡರು ಇದ್ದಾರೆ, ಉರುಮಿ ಎಂಬ ಬಳುಕುವ ಕತ್ತಿ ಬೀಸುವ ಸೈನಿಕ ಇದ್ದಾನೆ, ರಾಜೇಂದ್ರ ಚೋಳನ ದಂಡಯಾತ್ರೆ ಇದೆ. ದಕ್ಷಿಣದವರನ್ನೆಲ್ಲ ಒಂದೇ ಹೆಸರಿನ ಕೆಳಗೆ ತುರುಕಿದ್ದಾರೆ ಅಂತ ನನಗೊಂದು ಸಿಟ್ಟಿದೆ. ಆದರೆ ಆ ದೂರು ನಿಮಗಲ್ಲ.

ನಿಮಗೆ ಸಂಬಂಧಪಟ್ಟ ವಿಷಯ ಆಟದ ಒಳಗಿನ ನೆಟ್‌ವರ್ಕ್ ಕೆಲಸದ್ದು. ಒಬ್ಬೊಬ್ಬರಿಗೆ 200 ಜನ ಅಂದರೂ ಎಂಟು ಮಂದಿ ಆಡಿದರೆ ಮೈದಾನದಲ್ಲಿ 1,600 ಜೀವ. ಪ್ರತಿಯೊಂದೂ ಎಲ್ಲಿದೆ, ಏನು ಮಾಡುತ್ತಿದೆ, ಎಷ್ಟು ಪೆಟ್ಟು ತಿಂದಿದೆ ಅಂತ ಎಲ್ಲರಿಗೂ ಕಳಿಸುತ್ತಾ ಕೂತರೆ ಅಂದಿನ ಇಂಟರ್‌ನೆಟ್‌ನಲ್ಲಿ ಆಟ ಸಾಗುತ್ತಲೇ ಇರಲಿಲ್ಲ. ಅದಕ್ಕೆ ಆ ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಸೈನ್ಯವನ್ನು ಕಳಿಸುವುದೇ ಇಲ್ಲ, ಆಜ್ಞೆಯನ್ನಷ್ಟೇ ಕಳಿಸುವುದು. 'ಈ ಬಿಲ್ಲುಗಾರರು ಅಲ್ಲಿಗೆ ಹೋಗಲಿ' ಎಂಬ ಒಂದು ಸಣ್ಣ ಸಂದೇಶ ಎಲ್ಲರಿಗೂ ಹೋಗುತ್ತದೆ. ಆಮೇಲೆ ಎಲ್ಲರ ಕಂಪ್ಯೂಟರ್‌ಗಳೂ ಒಂದೇ ಲೆಕ್ಕವನ್ನು, ಒಂದೇ ಹೆಜ್ಜೆಯಲ್ಲಿ, ತಾವೇ ಮಾಡಿಕೊಳ್ಳುತ್ತವೆ. 1997ರಲ್ಲಿ ಬಂದ ಮೊದಲ ಭಾಗವನ್ನು ಅವರು ಲೆಕ್ಕ ಹಾಕಿ ಕಟ್ಟಿದ್ದು 28.8 ಕೆಬಿಪಿಎಸ್ ಮೋಡೆಮ್‌ಗೆ. ನಿಮ್ಮ ಪ್ಲಾನ್ ಅದರ ಸುಮಾರು ಮೂರೂವರೆ ಸಾವಿರ ಪಟ್ಟು.

ಈ ಉಪಾಯಕ್ಕೆ ಒಂದು ಬೆಲೆ ಇದೆ. ಎಲ್ಲರೂ ಒಂದೇ ಹೆಜ್ಜೆಯಲ್ಲಿ ಇರಬೇಕು. ಒಬ್ಬನ ಆಜ್ಞೆ ಬಾರದಿದ್ದರೆ ಉಳಿದವರೂ ಕಾಯಬೇಕು. ಬಸ್ಸಿನಿಂದ ಒಬ್ಬ ಚಹಾ ಕುಡಿಯಲು ಇಳಿದರೆ ಇಡೀ ಬಸ್ಸು ನಿಲ್ಲುವುದಿಲ್ವಾ, ಹಾಗೆ. ಈಗ ನಡುವೆ ಸರ್ವರ್ ಬಂದಿದ್ದರೂ ಸೈನ್ಯದ ಲೆಕ್ಕ ನಡೆಯುವುದು ನಮ್ಮ ನಮ್ಮ ಮನೆಯ ಕಂಪ್ಯೂಟರ್‌ಗಳಲ್ಲೇ. ಹಾಗಾಗಿ ನಮ್ಮ ಗುಂಪಿನಲ್ಲಿ ಪ್ರತಿ ಭಾನುವಾರ ಬಸ್ಸು ನಿಲ್ಲಿಸುವವನು ನಾನು. ದುಬೈನಲ್ಲಿ ಕೂತವನ ಲೈನ್ ಚೆನ್ನಾಗಿದೆ, ದಾವಣಗೆರೆಯವನದು ಇಲ್ಲ.

ಆ ಎಂಜಿನಿಯರುಗಳೇ 2001ರಲ್ಲಿ ತಮ್ಮ ಅನುಭವ ಬರೆದಿದ್ದಾರೆ. ನಿಮ್ಮ ನೆಟ್‌ವರ್ಕ್ ವಿಭಾಗದವರು ಅದನ್ನು ಓದಿದರೆ ಒಳ್ಳೆಯದು. ಕ್ಲಿಕ್ ಮಾಡಿದ ಮೇಲೆ ಕಾಲು ಸೆಕೆಂಡ್ ತಡವಾದರೂ ಆಟಗಾರರಿಗೆ ಗೊತ್ತೇ ಆಗುವುದಿಲ್ಲವಂತೆ. ಅರ್ಧ ಸೆಕೆಂಡ್ ತಡ ಆದರೂ, ಅದು ಯಾವಾಗಲೂ ಅಷ್ಟೇ ಇದ್ದರೆ, ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಸಹಿಸಲು ಆಗದೇ ಇರುವುದು ಏರುಪೇರು. ಒಮ್ಮೆ 80 ಮಿಲಿಸೆಕೆಂಡ್, ಇನ್ನೊಮ್ಮೆ 500 ಆದರೆ ಅದು ಜನರಿಗೆ ಕಿರಿಕಿರಿ. ನನ್ನ ದೂರಿನ ಸಾರ ಅದರಲ್ಲೇ ಇದೆ. ನಾನು ಜಾಸ್ತಿ ಸ್ಪೀಡ್ ಕೇಳುತ್ತಿಲ್ಲ. ನಿಧಾನ ಇದ್ದರೂ ಪರವಾಗಿಲ್ಲ, ಒಂದೇ ಸಮ ಇರಲಿ.

ರಾತ್ರಿ ಏನಾಗುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಹೋದ ಭಾನುವಾರ ಅರೇಬಿಯಾ ಮ್ಯಾಪ್, ಮೂವರ ವಿರುದ್ಧ ಮೂವರು. ನನ್ನ ಹತ್ತಿರ ಒಂದು ದೊಡ್ಡ ಗುಂಪು ಕ್ರಾಸ್‌ಬೋ ಬಿಲ್ಲುಗಾರರು. ಎದುರಿಗೆ ಭಾಮೈದನ ಮ್ಯಾಂಗೊನೆಲ್ ಬಂತು. ಅದು ಕಲ್ಲು ಎಸೆಯುವ ಯಂತ್ರ. ಒಂದು ಕಲ್ಲು ಗುಂಪಿನ ನಡುವೆ ಬಿದ್ದರೆ ಅಕ್ಕಪಕ್ಕದವರೆಲ್ಲ ಸಾಯುತ್ತಾರೆ. ಆದರೆ ಅದು ಗುರಿ ಇಡುವುದು ನಿಂತ ಜಾಗಕ್ಕೆ. ಕಲ್ಲು ಗಾಳಿಯಲ್ಲಿ ಇರುವಾಗಲೇ ಗುಂಪನ್ನು ಎರಡು ಪಾಲು ಮಾಡಿ ಸರಿಸಿದರೆ ನಡುವಿನ ಖಾಲಿ ನೆಲಕ್ಕೆ ಬೀಳುತ್ತದೆ. ಇಡೀ ಆಟದಲ್ಲಿ ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಕಲ್ಲು ಹೊರಟಿತು. ಅರ್ಧ ಜನರನ್ನು ಆರಿಸಿ ಬಲಕ್ಕೆ ಕ್ಲಿಕ್ ಮಾಡಿದೆ. ಪರದೆ ಕಲ್ಲಾಯಿತು. ಬಿಲ್ಲುಗಾರರೂ ನಿಂತರು, ಹೊಲದಲ್ಲಿದ್ದ ರೈತರೂ ನಿಂತರು. ಹೆಡ್‌ಫೋನ್‌ನಲ್ಲಿ ಎಲ್ಲರೂ ಒಟ್ಟಿಗೆ 'ಬಂತಪ್ಪಾ ದಾವಣಗೆರೆ' ಅಂದರು. ಮತ್ತೆ ಆಟ ಓಡಿತು. ಮೊದಲು ಕಲ್ಲು ಬಿತ್ತು, ಆಮೇಲೆ ನನ್ನ ಆಜ್ಞೆ ತಲುಪಿತು. ಸರಿಯಲು ಯಾರೂ ಉಳಿದಿರಲಿಲ್ಲ. ಭಾಮೈದ 11 ಒತ್ತಿದ.

ಇದು ಆಟದ ತಪ್ಪೋ ಏನೋ ಅಂತ ನೀವು ಕೇಳಬಹುದು. ನಿಮ್ಮವರು ಕೇಳಿಯೂ ಆಗಿದೆ. ಅದೇ ರಾತ್ರಿ, ಅದೇ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ಆಡಿದೆ. ಒಂದು ಸಲವೂ ನಿಲ್ಲಲಿಲ್ಲ. ಮತ್ತೆ ನಿಮ್ಮ ಲೈನಿಗೆ ಹಾಕಿದೆ. ಎರಡು ನಿಮಿಷಕ್ಕೇ ನಿಂತಿತು. ವೈಫೈ ತಪ್ಪು ಅನ್ನಬೇಡಿ, ರೂಟರ್‌ನಿಂದ ನೇರ ಕೇಬಲ್ ಎಳೆದಿದ್ದೇನೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಹಾಕಿಯೂ ನೋಡಿದೆ. ಅಂದರೆ ಪ್ಯಾಕೆಟ್ ಕಳಿಸಿ, ಉತ್ತರ ವಾಪಸ್ ಬರುತ್ತದೆಯೇ ಅಂತ ನೋಡುವ ಪರೀಕ್ಷೆ. ನನ್ನ ರೂಟರ್‌ಗೆ ಒಂದು ಪ್ಯಾಕೆಟ್ ಕೂಡ ನಷ್ಟ ಇಲ್ಲ. ಅಲ್ಲಿಂದ ಮುಂದೆ ನನ್ನ ಲೈನ್ ನಿಮ್ಮ ನೆಟ್‌ವರ್ಕ್ ಸೇರುವ ಮೊದಲ ಗೇಟ್‌ವೇವರೆಗೂ ಇಲ್ಲ. ನಿಮ್ಮ ನೆಟ್‌ವರ್ಕ್ ದಾಟಿ ಹೊರಗೆ ಹೋಗುವ ಕಡೆ ರಾತ್ರಿ ಒಂಬತ್ತರ ಹೊತ್ತಿಗೆ ನೂರಕ್ಕೆ ನಾಲ್ಕೈದು ಕಳೆದುಹೋಗುತ್ತವೆ. ಬೆಳಗಿನ ಜಾವ ಅದೇ ದಾರಿಯಲ್ಲಿ ಸೊನ್ನೆ. ಅಂದರೆ ನನ್ನ ಮನೆಯ ಫೈಬರ್ ಚೆನ್ನಾಗಿದೆ. ಊರೆಲ್ಲ ಮನೆಗೆ ಬಂದು ಮೊಬೈಲ್, ಟಿವಿ ಹಿಡಿದಾಗ ನಿಮ್ಮ ಹೊರದಾರಿ ತುಂಬಿ ಹೋಗುತ್ತಿದೆ. ನನಗೆ ಕಾಣುತ್ತಿರುವುದು ಹೀಗೆ. ಬೇರೆ ಕಾರಣ ಇದ್ದರೆ ನೀವೇ ಹೇಳಿ.

ಸ್ಪೀಡ್ ಟೆಸ್ಟ್‌ನಲ್ಲಿ ಇದು ಯಾಕೆ ಕಾಣುವುದಿಲ್ಲ? ಅದು ಹತ್ತಿರದ ಸರ್ವರ್ ಅನ್ನು ತಾನೇ ಆರಿಸಿಕೊಳ್ಳುತ್ತದೆ. ನನಗೆ ಬರುವ ಸರ್ವರ್ ನಿಮ್ಮದೇ ನೆಟ್‌ವರ್ಕ್‌ನ ಒಳಗಿದೆ, ಹೆಸರೂ ನಿಮ್ಮದೇ. ಆ ಪರೀಕ್ಷೆ ತುಂಬಿದ ದಾರಿಗೆ ಇಳಿಯುವುದೇ ಇಲ್ಲ. ಸಿನಿಮಾ ನೋಡುವವರಿಗೂ ಗೊತ್ತಾಗುವುದಿಲ್ಲ. ವಿಡಿಯೋ ಮುಂದಿನ ಭಾಗವನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ, ಕಳೆದುಹೋದದ್ದನ್ನು ಇನ್ನೊಮ್ಮೆ ತರಿಸಿಕೊಳ್ಳಲು ಪುರುಸೊತ್ತಿರುತ್ತದೆ. ಭಾಮೈದ ಮುಂದೆ ಮಾಡಲಿರುವ ಕ್ಲಿಕ್ಕನ್ನು ಮೊದಲೇ ತಂದಿಟ್ಟುಕೊಳ್ಳಲು ಆಗುತ್ತದೆಯೇ? ಆಟ ಇನ್ನೂ ಹುಟ್ಟದ ಪ್ಯಾಕೆಟ್‌ಗಾಗಿ ಕಾಯುತ್ತಿರುತ್ತದೆ. ಅದಕ್ಕೇ ಮೊದಲು ಗೊತ್ತಾಗುವುದು ಆಟದಲ್ಲಿ. ಆಮೇಲೆ ವಿಡಿಯೋ ಕಾಲ್‌ನಲ್ಲಿ. ನಮ್ಮ ಮನೆಯವಳು ರಾತ್ರಿ ಅಮೆರಿಕದ ಕ್ಲೈಂಟ್ ಜೊತೆ ಮೀಟಿಂಗ್‌ನಲ್ಲಿ ಇರುತ್ತಾಳೆ. ಅವಳ ಮಾತೂ ನಡುನಡುವೆ ತುಂಡಾಗುತ್ತಿದೆ. ಆಟದ ವಿಷಯ ನಿಮಗೆ ಹಗುರ ಅನಿಸಿದರೆ ಇದನ್ನಾದರೂ ಗಮನಿಸಿ.

ಈಗ ನಿಮ್ಮ ಟೆಕ್ನಿಷಿಯನ್ ಬಂದ ಕಥೆ. ಹುಡುಗ ಒಳ್ಳೆಯವನು, ಅವನ ಮೇಲೆ ಕ್ರಮ ತೆಗೆದುಕೊಳ್ಳಬೇಡಿ. ನಾನು ರಾತ್ರಿಯ ತೊಂದರೆ ಅಂತ ಬರೆಸಿದ್ದೆ. ಅವನು ಬಂದಿದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಫೈಬರ್‌ನಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇಟ್ಟು ನೋಡಿದ, ಮೈನಸ್ 19. 'ಸೂಪರ್ ಇದೆ ಸರ್' ಅಂದ. ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, 96 ಬಂದದ್ದರ ಫೋಟೊ ತೆಗೆದುಕೊಂಡ. ಆಮೇಲೆ ದೂರು ಮುಚ್ಚಲು ಓಟಿಪಿ ಕೇಳಿದ. ತೊಂದರೆ ಹಾಗೇ ಇದೆಯಲ್ಲಪ್ಪ, ಯಾಕೆ ಕೊಡಲಿ ಅಂದೆ. 'ಸರ್, ಓಟಿಪಿ ಹಾಕದಿದ್ರೆ ನನ್ನ ಇನ್ಸೆಂಟಿವ್ ಕಟ್ ಆಗುತ್ತೆ' ಅಂದ. ಪಾಪ ಅನಿಸಿತು, ಆದರೂ ಕೊಡಲಿಲ್ಲ. ಸಂಜೆ ನೋಡಿದರೆ ಓಟಿಪಿ ಇಲ್ಲದೆಯೇ ಹಸಿರು ಟಿಕ್ ಬಿದ್ದಿತ್ತು. ಇದನ್ನು ಮಾಡಿದ್ದು ಯಾರು ಅಂತ ನನಗೆ ಲಿಖಿತ ಉತ್ತರ ಬೇಕು. ಅದಾದ ಮೇಲೆ ಕಾಲ್ ಸೆಂಟರ್‌ನಿಂದ ಫೋನ್ ಬಂತು, 200 ಎಂಬಿಪಿಎಸ್ ಪ್ಲಾನಿಗೆ ಏರಿ ಅಂತ. ತುಂಬಿದ ದಾರಿಯಲ್ಲಿ ನನ್ನ ಗಾಡಿ ಇನ್ನೂ ಜೋರಾಗಿ ಓಡಬಲ್ಲದು ಎಂದರೆ ಏನು ಬಂತು?

ನಿಯಮದ ಮಾತೂ ಸ್ವಲ್ಪ ಆಡೋಣ. ಬ್ರಾಡ್‌ಬ್ಯಾಂಡ್‌ಗೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2006ರಲ್ಲೇ ಮಾಡಿದ ಗುಣಮಟ್ಟದ ನಿಯಮದಲ್ಲಿ ಪ್ಯಾಕೆಟ್ ನಷ್ಟ ಶೇ 1ಕ್ಕಿಂತ ಕಡಿಮೆ ಇರಬೇಕು ಅಂತ ಇತ್ತು. 2024ರ ಅಕ್ಟೋಬರ್‌ನಿಂದ ಹೊಸ ನಿಯಮ ಬಂದಿದೆ. ಅದರಲ್ಲೂ ಲೇಟೆನ್ಸಿ (ಪ್ಯಾಕೆಟ್ ಹೋಗಿ ಬರಲು ಆಗುವ ತಡ), ಪ್ಯಾಕೆಟ್ ನಷ್ಟ ಎರಡನ್ನೂ ಅಳೆಯಬೇಕು. ಅಂದರೆ ಸ್ಪೀಡ್ ಒಂದೇ ಸೇವೆ ಅಲ್ಲ. 'ಸ್ಪೀಡ್ ಬರ್ತಿದೆಯಲ್ಲ' ಎಂಬುದು ನನ್ನ ದೂರಿಗೆ ಉತ್ತರ ಆಗುವುದಿಲ್ಲ.

ನಾನು ಕೇಳುವುದು ಇಷ್ಟು. ಮುಚ್ಚಿರುವ ದೂರನ್ನು ಮತ್ತೆ ತೆರೆದು ಹೊಸ ಡಾಕೆಟ್ ನಂಬರ್ ಕೊಡಿ. ಪರೀಕ್ಷೆಯನ್ನು ರಾತ್ರಿ ಎಂಟರ ಮೇಲೆ, ನಿಮ್ಮ ನೆಟ್‌ವರ್ಕ್‌ನ ಹೊರಗಿನ ಸರ್ವರ್‌ಗೆ ಮಾಡಿ, ಅದರ ವರದಿ ನನಗೂ ಕಳಿಸಿ. ಹೊರದಾರಿ ಸಾಲದಿದ್ದರೆ ಅದನ್ನು ಯಾವಾಗ ಹಿಗ್ಗಿಸುತ್ತೀರಿ ಅಂತ ತಾರೀಖು ಹೇಳಿ. ಮೊದಲ ದೂರು ಕೊಟ್ಟ ದಿನದಿಂದ ಸರಿಯಾಗುವ ದಿನದವರೆಗಿನ ಬಾಡಿಗೆಯಲ್ಲಿ ಅರ್ಧ ಮುಂದಿನ ಬಿಲ್‌ನಲ್ಲಿ ಕಡಿಮೆ ಮಾಡಿ. ಪೂರ್ತಿ ಕೇಳುತ್ತಿಲ್ಲ, ಹಗಲು ಸರಿ ಇದೆ ಅಂತ ನಾನೇ ಬರೆದಿದ್ದೇನೆ. ಇದು ಯಾವುದೂ ನಿಮ್ಮಿಂದ ಆಗದಿದ್ದರೆ ದಂಡ ಹಾಕದೆ ಕನೆಕ್ಷನ್ ಕಿತ್ತು, ರೂಟರ್ ಡೆಪಾಸಿಟ್ ವಾಪಸ್ ಕೊಡಿ.

ಉತ್ತರ ಬಾರದಿದ್ದರೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ. ಅದಕ್ಕೆ ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಆಗಬೇಕು ಅಂತ ಟ್ರಾಯ್ ನಿಯಮ ಇದೆ. ನಿಮ್ಮ ವೆಬ್‌ಸೈಟಿನಲ್ಲಿ ಅವರ ವಿಳಾಸ ಹುಡುಕಿದೆ, ಕೊಟ್ಟಿರುವ ಕೊಂಡಿ ಖಾಲಿ ಪುಟಕ್ಕೆ ಹೋಗುತ್ತದೆ. ಅದನ್ನೂ ಸರಿ ಮಾಡಿ. ಗ್ರಾಹಕ ಸಹಾಯವಾಣಿ 1915 ನನ್ನ ಫೋನಿನಲ್ಲಿದೆ. ಆದರೆ ಅಲ್ಲಿವರೆಗೆ ಹೋಗುವ ಮನಸ್ಸು ನನಗಿಲ್ಲ.

ಪಿಂಗ್‌ನ ಸ್ಕ್ರೀನ್‌ಶಾಟ್‌ಗಳು, ಹಸಿರು ಟಿಕ್ಕಿನ ಚಿತ್ರ, ಬಿಲ್ ಪ್ರತಿ ಜೊತೆಗಿಟ್ಟಿದ್ದೇನೆ. ಟೆಕ್ನಿಷಿಯನ್ ಕಳಿಸುವುದಾದರೆ ಭಾನುವಾರ ರಾತ್ರಿ ಒಂಬತ್ತಕ್ಕೆ ಕಳಿಸಿ. ಮನೆಯಲ್ಲೇ ಇರುತ್ತೇನೆ, ಲೈನ್ ಹೇಗಿದೆ ಅಂತ ಅವನಿಗೆ ಆಗ ಪರದೆಯಲ್ಲೇ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ವಿದ್ಯಾನಗರ, ದಾವಣಗೆರೆ