ಸೈಟೇಶನ್ ಎಣಿಸಿದರೆ ಸಾಲದು, ತೆರೆದು ನೋಡಿ

ಮಾನ್ಯರೇ,

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಸಂಶೋಧನಾ ಜರ್ನಲ್‌ಗಳ ‘ಯುಜಿಸಿ-ಕೇರ್’ ಪಟ್ಟಿ 2025ರ ಫೆಬ್ರುವರಿಯಲ್ಲಿ ರದ್ದಾಯಿತು. ಯಾವ ಜರ್ನಲ್ ನಂಬಬೇಕು, ಯಾವುದನ್ನು ಬಿಡಬೇಕು ಎಂಬ ಹೊಣೆ ಈಗ ವಿಶ್ವವಿದ್ಯಾಲಯ, ಕಾಲೇಜುಗಳದೇ. ಕಲಬುರಗಿ, ಬೀದರ್, ಯಾದಗಿರಿಯ ಮುಂಬಡ್ತಿ ಸಮಿತಿಗಳು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಪ್ರಬಂಧಕ್ಕೆ ಸರಾಸರಿ ಸಿಕ್ಕ ಉಲ್ಲೇಖ, ಅಂದರೆ ಸೈಟೇಶನ್) ಎಷ್ಟು, ಲೇಖಕರ ಎಚ್-ಇಂಡೆಕ್ಸ್ ಎಷ್ಟು ಎಂದಷ್ಟೇ ಕೇಳಿ ಕಡತ ಮುಚ್ಚಿದರೆ ಮೋಸ ಹೋಗುವುದು ಖಚಿತ.

ಲೆಕ್ಕ ನೋಡಿ. ಒಂದು ಜರ್ನಲ್ ಎರಡು ವರ್ಷದಲ್ಲಿ 40 ಪ್ರಬಂಧ ಪ್ರಕಟಿಸಿ, ಮರುವರ್ಷ ಅವಕ್ಕೆ 32 ಉಲ್ಲೇಖ ಬಂದರೆ ಇಂಪ್ಯಾಕ್ಟ್ ಫ್ಯಾಕ್ಟರ್ 0.8. ಅದೇ ವರ್ಷ ಸಂಪಾದಕರು ತಮ್ಮದೇ ಜರ್ನಲ್‌ನಲ್ಲಿ ಎರಡು ಸಮೀಕ್ಷಾ ಲೇಖನ ಬರೆದು, ಎರಡರಲ್ಲೂ ಆ 40 ಪ್ರಬಂಧಗಳನ್ನು ಪೋಣಿಸಿಬಿಟ್ಟರೆ ಉಲ್ಲೇಖ 112 ಆಗುತ್ತದೆ, ಫ್ಯಾಕ್ಟರ್ 2.8ಕ್ಕೆ ಜಿಗಿಯುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಫ್ಯಾಕ್ಟರ್ 1ಕ್ಕಿಂತ ಕಡಿಮೆ ಇದ್ದರೆ ಪ್ರಬಂಧಕ್ಕೆ ಹೆಚ್ಚುವರಿ 10 ಅಂಕ, 2ರಿಂದ 5ರೊಳಗಿದ್ದರೆ 20. ಹೊಸ ಸಂಶೋಧನೆ ಒಂದಕ್ಷರವೂ ಇಲ್ಲದೆ ಹೆಚ್ಚುವರಿ ಅಂಕ ಇಮ್ಮಡಿ! ಇಂಪ್ಯಾಕ್ಟ್ ಫ್ಯಾಕ್ಟರ್ ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆ, ಜರ್ನಲ್‌ನ ಸ್ವಂತ ಉಲ್ಲೇಖ ಕಳೆದ ಅಂಕಿಯನ್ನೂ ಕೊಡುತ್ತದೆ. ಸಮಿತಿ ಎರಡನ್ನೂ ಕೇಳಲಿ. ಆದರೆ ಎರಡು ಮೂರು ಜರ್ನಲ್‌ಗಳು ಒಳಒಪ್ಪಂದ ಮಾಡಿಕೊಂಡು ಪರಸ್ಪರ ಉಲ್ಲೇಖಿಸಿದರೆ ಆ ಅಂಕಿಯೂ ಸುಳ್ಳಾಗುತ್ತದೆ. ಆಗ ಉಲ್ಲೇಖ ಎಲ್ಲಿಂದ ಬಂತು ಎಂದೇ ಹುಡುಕಬೇಕು.

ಎಚ್-ಇಂಡೆಕ್ಸ್ ಇನ್ನೂ ಸುಲಭದ ಗುರಿ. ಕನಿಷ್ಠ 10 ಉಲ್ಲೇಖ ಪಡೆದ ಹತ್ತು ಪ್ರಬಂಧ ಇದ್ದರೆ ಅದು 10. ತಲಾ 9 ಉಲ್ಲೇಖದ ಹತ್ತು ಪ್ರಬಂಧ ಇದ್ದವರು, ಹತ್ತನ್ನೂ ಹೆಸರಿಸುವ ಒಂದೇ ಹೊಸ ಪ್ರಬಂಧ ಬರೆದರೆ 9 ಹೋಗಿ 10 ಆಗುತ್ತದೆ.

ಕೃತಿಚೌರ್ಯ ತಪಾಸಣೆಯ ಸಾಫ್ಟ್‌ವೇರ್ ಇದನ್ನು ಹಿಡಿಯುವುದಿಲ್ಲ. ಹೋಲಿಕೆ ಲೆಕ್ಕ ಹಾಕುವಾಗ ಪರಾಮರ್ಶನ ಪಟ್ಟಿಯನ್ನು ಹೊರಗಿಡುತ್ತಾರಲ್ಲ! ಹಾಗಾಗಿ ಅಭ್ಯರ್ಥಿಯ ಐದು ಮುಖ್ಯ ಪ್ರಬಂಧಗಳನ್ನು ಉಲ್ಲೇಖಿಸಿದವರು ಯಾರು ಎಂದು ತೆರೆದು ನೋಡಬೇಕು. ಅದೇ ಮೂರು ನಾಲ್ಕು ಹೆಸರು ಮರುಕಳಿಸುತ್ತಿವೆಯೇ? ಒಂದು ವಾಕ್ಯದ ಕೊನೆಗೆ 14ರಿಂದ 31ರವರೆಗಿನ ಉಲ್ಲೇಖ ಸಂಖ್ಯೆಗಳನ್ನು ಗುಂಪಾಗಿ ಸುರಿದು, ಒಂದರ ಬಗ್ಗೆಯೂ ಮಾತಿಲ್ಲವೇ? ತೊಗರಿಯ ಸೊರಗು ರೋಗದ ಪ್ರಬಂಧ ಮುಖ ಗುರುತಿಸುವ ತಂತ್ರಾಂಶದ ಲೇಖನದಲ್ಲಿ ಏಕಿದೆ? ಪಿಡಿಎಫ್‌ನ ಕೊನೆಯ ಪುಟದ ಪಟ್ಟಿಯನ್ನು ಪ್ರಬಂಧಗಳ ಮಾಹಿತಿ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಯ ದಾಖಲೆಯ ಜತೆ ಹೋಲಿಸಿ: ಪ್ರಬಂಧದಲ್ಲಿಲ್ಲದ ಉಲ್ಲೇಖಗಳನ್ನು ದಾಖಲೆಯಲ್ಲಿ ಮಾತ್ರ ತುರುಕಿದ ಪ್ರಕರಣಗಳು ಹೊರಬಂದಿವೆ.

ಸ್ವಂತ ಉಲ್ಲೇಖವೆಲ್ಲ ಕಳ್ಳತನವಲ್ಲ. ತೊಗರಿ ತಳಿಯ ಮೇಲೆ ವರ್ಷಗಟ್ಟಲೆ ದುಡಿದವರು ತಮ್ಮ ಹಿಂದಿನ ಪ್ರಯೋಗವನ್ನು ಹೆಸರಿಸದೆ ಮುಂದಿನದನ್ನು ಬರೆಯಲಾಗದು. ಆ ಉಲ್ಲೇಖ ತೆಗೆದರೆ ವಾಕ್ಯಕ್ಕೆ ಆಧಾರ ತಪ್ಪುತ್ತದೆಯೇ ಎಂಬುದೇ ಪರೀಕ್ಷೆ.

‘ಈ ಆರು ಪ್ರಬಂಧ ಸೇರಿಸಿ’ ಎಂದು ರಿವ್ಯೂವರ್ (ಪ್ರಕಟಣೆಗೆ ಮುನ್ನ ಪ್ರಬಂಧ ಪರಿಶೀಲಿಸುವವರು) ಒತ್ತಾಯಿಸಿದಾಗ ಪಿಎಚ್‌.ಡಿ. ವಿದ್ಯಾರ್ಥಿಗಳು ಹೆದರಿ ಒಪ್ಪುತ್ತಾರೆ. ಸಂಬಂಧವಿದ್ದುದನ್ನು ಸೇರಿಸಲಿ. ಇಲ್ಲದಕ್ಕೆ ಒಂದೊಂದು ಸಾಲಿನ ಕಾರಣ ಕೊಟ್ಟು ಸಂಪಾದಕರಿಗೆ ಪ್ರತ್ಯೇಕ ಪತ್ರ ಬರೆಯಲಿ; ಅದಕ್ಕೆ ಗೈಡ್ ಸಹಿಯೂ ಇರಲಿ. ಒತ್ತಾಯ ಸಂಪಾದಕರದ್ದೇ ಆದರೆ ಇಡೀ ಇ-ಮೇಲ್ ಸರಣಿಯನ್ನು ಪ್ರಕಾಶಕರಿಗೆ, ಜರ್ನಲ್ ‘ಕೋಪ್’ (ಪ್ರಕಟಣಾ ನೈತಿಕತೆಯ ಸಮಿತಿ) ಸದಸ್ಯವಾಗಿದ್ದರೆ ಅಲ್ಲಿಗೂ ಕಳಿಸಬಹುದು.

ಮುಂಬಡ್ತಿ ಅರ್ಜಿಯಲ್ಲಿ ಒಂದು ಅಂಕಣ ಹೆಚ್ಚಾಗಲಿ: ತಮ್ಮ ಹಾಗೂ ಸಹಲೇಖಕರ ಉಲ್ಲೇಖ ಕಳೆದು ಉಳಿಯುವುದೆಷ್ಟು? ಗೂಗಲ್ ಸ್ಕಾಲರ್ ಸ್ಕ್ರೀನ್‌ಶಾಟ್ ಒಂದನ್ನೇ ದಾಖಲೆ ಎಂದು ಸ್ವೀಕರಿಸುವುದನ್ನಂತೂ ಯಾವ ಆದೇಶಕ್ಕೂ ಕಾಯದೆ ನಿಲ್ಲಿಸಬಹುದು.

– ಸಂಶೋಧನಾ ಮಾರ್ಗದರ್ಶಕರು ಮತ್ತು ಗ್ರಂಥಪಾಲಕರು, ಕಲಬುರಗಿ