ಸೇನೆಯ ನೆರವು: ನೋಡುಗರಿಗೂ ತಿಳಿಯಲಿ

ಮಾನ್ಯರೇ,

ಯುದ್ಧದ ಸಿನಿಮಾಗಳಿಗೆ ಸೇನೆ ನೆರವು ಕೊಡುವಾಗ ಹಾಕುವ ಷರತ್ತುಗಳು ನೋಡುಗರಿಗೂ ಗೊತ್ತಾಗಬೇಕು. ನೆರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಟ್ಯಾಂಕು, ಯುದ್ಧವಿಮಾನ ಬೇರೆಲ್ಲಿ ಸಿಗುತ್ತವೆ? ಆದರೆ ಅದಕ್ಕೆ ಮೊದಲು ಚಿತ್ರಕಥೆಗೆ ಒಪ್ಪಿಗೆ ಸಿಗಬೇಕು. ವಿಯೆಟ್ನಾಂ ಯುದ್ಧದ ಕಥೆಯಿರುವ 1979ರ ಹಾಲಿವುಡ್ ಚಿತ್ರ ‘ಅಪೋಕ್ಯಾಲಿಪ್ಸ್ ನೌ’ಗೆ ಅಮೆರಿಕದ ಸೇನೆ ಸಹಕರಿಸಲಿಲ್ಲ. ಫಿಲಿಪೀನ್ಸ್ ಸೇನೆಯ ಹೆಲಿಕಾಪ್ಟರುಗಳನ್ನು ಬಳಸಬೇಕಾಯಿತು. ನಮ್ಮಲ್ಲೂ ಸೇನೆಯ ಕಥೆಯಿರುವ ಸಿನಿಮಾ, ವೆಬ್ ಸರಣಿಗಳಿಗೆ ನಿರಾಕ್ಷೇಪಣಾ ಪತ್ರ ಬೇಕೆಂದು 2020ರಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಬರೆಯಿತು.

ದೇಶದ ಗುಟ್ಟು ಕಾಯುವುದು ಸರಿ. ಸೈನಿಕನ ಭಯ, ದಣಿವು, ಮನೆಯವರ ಸಂಕಟವನ್ನೂ ತೆಗೆಸಿದರೆ ಅದು ಆ ಸೈನಿಕನಿಗೇ ಮಾಡಿದ ಅನ್ಯಾಯ ಅಲ್ವಾ?

ಸೇನೆ ಏನೇನು ಕೊಟ್ಟಿತು, ಏನನ್ನು ಬದಲಿಸಲು ಹೇಳಿತು ಎಂಬುದನ್ನು ಚಿತ್ರದ ಆರಂಭದಲ್ಲೇ ತೋರಿಸಲಿ. ಅನುಮತಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಲಿ.

– ಓದುಗ, ಮಡಿಕೇರಿ